ಶನಿವಾರದ ಮೇಷ್ಟ್ರು

ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಹೇಳಿಕೊಡುವ ಪರಿಚಯದವರು ಯಾರಾದರೂ ಇದ್ದರೆ, ಎಇಎಸ್ ಪಾಠ ಹೇಗೆ ಮಾಡುತ್ತೀರಿ ಎಂದು ಒಮ್ಮೆ ಕೇಳಿ ನೋಡಿ. ನಮ್ಮ ಬ್ಯಾಂಕಿನ ಆ್ಯಪ್, ವಾಟ್ಸ್ಆ್ಯಪ್ ಸಂದೇಶ, ಮನೆಯ ವೈಫೈ ಎಲ್ಲವನ್ನೂ ಗುಟ್ಟಾಗಿ ಇಡುವ ಗೂಢಲಿಪಿ ಅದು. ಅಮೆರಿಕ 2001ರ ನವೆಂಬರಿನಲ್ಲಿ ಅದನ್ನು ಸರ್ಕಾರಿ ಮಾನದಂಡವಾಗಿ ಪ್ರಕಟಿಸಿತು. ಕೆಲವೇ ವರ್ಷಗಳಲ್ಲಿ ನಮ್ಮ ವಿಶ್ವವಿದ್ಯಾಲಯಗಳ ಸಿಲಬಸ್ಸಿನಲ್ಲೂ ಅದು ಬಂದು ಕೂತಿತು. ಪಾಠ ಶುರುವಾಗಿ ಸ್ವಲ್ಪ ಹೊತ್ತಿಗೆ 16 ಸಾಲು, 16 ಕಂಬಗಳ ಒಂದು ಕೋಷ್ಟಕ ಬರುತ್ತದೆ. ಒಳಗೆ 256 ಸಂಖ್ಯೆಗಳು. ಒಂದು ಬೈಟ್ ಕೊಟ್ಟರೆ ಅದರ ಬದಲಿಗೆ ಇನ್ನೊಂದು ಬೈಟ್ ಕೊಡುವ ಕೋಷ್ಟಕ. ಹಿಂದಿನ ಬೆಂಚಿನಿಂದ ಯಾರಾದರೂ ‘ಸರ್, ಈ ನಂಬರುಗಳು ಎಲ್ಲಿಂದ ಬಂದವು?’ ಎಂದು ಕೇಳಿದರೆ ಉತ್ತರ ಎರಡು ಬಗೆ. ಒಂದು, ‘ಫೈನೈಟ್ ಫೀಲ್ಡ್ ಅಂತ ಒಂದಿದೆ, ಬನ್ನಿ, ಬೋರ್ಡಿನ ಮೇಲೆ ಮಾಡಿಯೇ ನೋಡೋಣ.’ ಇನ್ನೊಂದು, ‘ಅದು ಟೇಬಲ್ ಕಣಪ್ಪಾ, ಪರೀಕ್ಷೆಯಲ್ಲಿ ಕೊಟ್ಟಿರುತ್ತಾರೆ.’

ಎರಡನೆಯ ಉತ್ತರ ಕೊಡುವವರನ್ನು ನಾನು ದೂರುವುದಿಲ್ಲ. 2001ರಲ್ಲಿ ಮೂವತ್ತೈದರ ಆಸುಪಾಸಿನಲ್ಲಿದ್ದ ಲೆಕ್ಚರರ್ ಬಿ.ಇ. ಓದಿದ್ದು ಎಂಬತ್ತರ ದಶಕದ ಕೊನೆಯಲ್ಲಿ. ಎಂ-ಒನ್ನಿಂದ ಎಂ-ಫೋರ್‌ವರೆಗೆ ಅವರು ಮಾಡಿದ ಗಣಿತವೆಲ್ಲ ಕಲನ, ಲಾಪ್ಲಾಸ್, ಫೂರಿಯೇ. ಅವರು ಓದುವಾಗ ಮಾಹಿತಿ ಸುರಕ್ಷತೆ ಎಂಬ ವಿಷಯವೇ ಕಾಲೇಜಿನಲ್ಲಿ ಇರಲಿಲ್ಲ. ತಾವು ಎಂದೂ ವಿದ್ಯಾರ್ಥಿಯಾಗಿ ಕೂತು ಕೇಳದ ವಿಷಯವನ್ನು ಮೇಷ್ಟ್ರಾಗಿ ನಿಂತು ಹೇಳಬೇಕಾಗಿ ಬಂದ ಒಂದು ಇಡೀ ತಲೆಮಾರು ಅದು. ಆ ಮೇಷ್ಟ್ರಿಗೆ ಮೇಷ್ಟ್ರು ಯಾರು?

ಇದಕ್ಕೆ ಉತ್ತರ ಹುಡುಕುತ್ತ ಹೋದರೆ ದಾರಿ ಕೋಲ್ಕತ್ತಾಗೆ ಬರುತ್ತದೆ. ವಿಚಿತ್ರವೆಂದರೆ, ಆ 256 ಸಂಖ್ಯೆಗಳ ಹಿಂದಿನ ಗಣಿತ ಈ ದೇಶದಲ್ಲಿ ಬೇರು ಬಿಟ್ಟದ್ದೂ ಅಲ್ಲಿಯೇ, ಅದೂ ಒಬ್ಬ ಕಾಲೇಜು ಲೆಕ್ಚರರ್ ತನ್ನ ರಜೆ ದಿನಗಳಲ್ಲಿ ಹೊಸ ವಿಷಯ ಕಲಿಯಲು ಹೋದದ್ದರಿಂದ. ಆಗ ದೇಶದಲ್ಲಿ ಕಂಪ್ಯೂಟರ್ ಎಂಬುದೇ ಇರಲಿಲ್ಲ.

ಅವರ ಹೆಸರು ರಾಜಚಂದ್ರ ಬೋಸ್. 1901ರಲ್ಲಿ ಮಧ್ಯಪ್ರಾಂತದ ಹೋಶಂಗಾಬಾದಿನಲ್ಲಿ ಹುಟ್ಟಿದವರು. 1930ರಲ್ಲಿ ಕೋಲ್ಕತ್ತಾದ ಆಶುತೋಷ್ ಕಾಲೇಜಿನಲ್ಲಿ ಗಣಿತದ ಲೆಕ್ಚರರ್ ಆದರು. ಕಾಲೇಜು ಮೇಷ್ಟ್ರ ಕೆಲಸ ಅಂದೂ ಇಂದಿನ ಹಾಗೆಯೇ. ಪಾಠದ ಹೊರೆಯ ನಡುವೆ ಸಂಶೋಧನೆಗೆ ಬಿಡುವು ಸಿಗುವುದು ಕಷ್ಟ. ಬೋಸ್ ಆದರೂ ಜ್ಯಾಮಿತಿಯ ಮೇಲೆ ಬರೆಯುತ್ತಿದ್ದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಪ್ರಶಾಂತಚಂದ್ರ ಮಹಲನೋಬಿಸ್ ಆ ಹೊತ್ತಿಗೆ ತಮ್ಮ ಕೋಣೆಯಲ್ಲೇ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಅಂದರೆ ಐಎಸ್‌ಐ, ಶುರು ಮಾಡಿಯಾಗಿತ್ತು. ಸಂಖ್ಯಾಶಾಸ್ತ್ರಕ್ಕೆ ಆಗ ನಮ್ಮಲ್ಲಿ ಡಿಗ್ರಿಯೂ ಇರಲಿಲ್ಲ, ಕಲಿಸುವವರೂ ಇರಲಿಲ್ಲ. 1932ರ ಡಿಸೆಂಬರಿನಲ್ಲಿ ಮಹಲನೋಬಿಸ್ ಬೋಸ್‌ರಿಗೆ ಒಂದು ಅರೆಕಾಲಿಕ ಕೆಲಸ ಕೊಡುವುದಾಗಿ ಹೇಳಿದರು. ಶನಿವಾರಗಳಂದು ಮತ್ತು ರಜೆಯಲ್ಲಿ ಬಂದರೆ ಸಾಕು ಎಂಬುದು ಒಪ್ಪಂದ.

ತನಗೆ ಸಂಖ್ಯಾಶಾಸ್ತ್ರ ಅಷ್ಟಾಗಿ ಬಾರದು ಎಂದು ಬೋಸ್ ಮೊದಲೇ ಹೇಳಿದ್ದರು. ಮಹಲನೋಬಿಸ್ ಅದಕ್ಕೆ ಮಾಡಿದ ಏರ್ಪಾಡನ್ನು ಬೋಸ್ ಮುಂದೆ ನೆನಪಿಸಿಕೊಂಡಿದ್ದಾರೆ. ಬಯೊಮೆಟ್ರಿಕಾ ಎಂಬ ಇಂಗ್ಲಿಷ್ ಸಂಶೋಧನಾ ಪತ್ರಿಕೆಯ ಸಂಪುಟಗಳನ್ನೆಲ್ಲ ತಂದು ಮುಂದಿಟ್ಟು, ಓದಬೇಕಾದ 50 ಪ್ರಬಂಧಗಳ ಪಟ್ಟಿ ಕೊಟ್ಟು, ಜೊತೆಗೆ ರೊನಾಲ್ಡ್ ಫಿಶರ್ ಅವರ ಒಂದು ಪುಸ್ತಕವನ್ನೂ ಸೇರಿಸಿ, ಸದ್ಯಕ್ಕೆ ಇಷ್ಟಾದರೆ ಸಾಕು ಎಂದರಂತೆ. ಅಧ್ಯಾಪಕರ ತರಬೇತಿ ಎಂದರೆ ಅಷ್ಟೇ. ಉದ್ಘಾಟನೆ ಇಲ್ಲ, ಹೂಗುಚ್ಛ ಇಲ್ಲ, ಐದನೆಯ ದಿನದ ಸರ್ಟಿಫಿಕೇಟೂ ಇಲ್ಲ. ಪಟ್ಟಿ ಕೊಟ್ಟವರೇ ಪಕ್ಕದಲ್ಲಿದ್ದರು. ಓದಿದ್ದನ್ನು ಬಳಸಲು ನಿಜವಾದ ಲೆಕ್ಕಗಳು, ಬೆಳೆಯ, ನೆರೆಯ, ಜನರ ಮೈಯಳತೆಯ ಲೆಕ್ಕಗಳು, ಮೇಜಿನ ಮೇಲೇ ಇದ್ದವು.

ಇನ್ನು ಫೈನೈಟ್ ಫೀಲ್ಡ್ ಬಂದ ಕತೆ. ಫ್ರೀಡ್ರಿಶ್ ಲೆವಿ ಎಂಬ ಜರ್ಮನ್ ಗಣಿತಜ್ಞ ಲೈಪ್ಜಿಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಯಹೂದಿ ಎಂಬ ಕಾರಣಕ್ಕೆ ನಾಜಿಗಳು 1935ರಲ್ಲಿ ಅವರನ್ನು ಕೆಲಸದಿಂದ ತೆಗೆದರು. ಕಲ್ಕತ್ತಾ ವಿಶ್ವವಿದ್ಯಾಲಯ ಅವರನ್ನು ಹಾರ್ಡಿಂಜ್ ಪ್ರಾಧ್ಯಾಪಕರಾಗಿ ಕರೆಸಿಕೊಂಡಿತು. ಆಧುನಿಕ ಬೀಜಗಣಿತ ಆ ಊರಿಗೆ ಬಂದದ್ದು ಅವರೊಡನೆ. ಬೋಸ್ ಅವರ ಉಪನ್ಯಾಸಗಳನ್ನು ಕೇಳಿದರು. 1937ರ ಕೊನೆಯಲ್ಲಿ ಫಿಶರ್ ಅವರೇ ಕೋಲ್ಕತ್ತಾಗೆ ಬಂದರು. ಹೊಲದಲ್ಲಿ ಯಾವ ತಳಿ ಯಾವ ಮಡಿಗೆ, ಯಾವ ಗೊಬ್ಬರ ಯಾವ ಮಡಿಗೆ ಎಂದು ಹಂಚುವ ಲ್ಯಾಟಿನ್ ಚೌಕಗಳ ಬಗ್ಗೆ ಬಿಡಿಸಲಾಗದೆ ಉಳಿದಿದ್ದ ಪ್ರಶ್ನೆಗಳನ್ನು ಎತ್ತಿದರು. ಬೋಸ್‌ರ ತಲೆಯಲ್ಲಿ ಲೆವಿಯ ಬೀಜಗಣಿತವೂ ಫಿಶರ್‌ರ ಹೊಲವೂ ಕೂಡಿಕೊಂಡವು. 1938ರಲ್ಲಿ ಐಎಸ್‌ಐನ ‘ಸಂಖ್ಯಾ’ ಪತ್ರಿಕೆಯಲ್ಲಿ ಅವರು ಫೈನೈಟ್ ಫೀಲ್ಡ್ ಬಳಸಿ ಅಂಥ ಚೌಕಗಳನ್ನು ಕಟ್ಟುವ ದಾರಿ ತೋರಿಸಿದರು.

ಫೈನೈಟ್ ಫೀಲ್ಡ್ ಎಂದರೆ ಹೆದರಬೇಕಾದ್ದೇನಿಲ್ಲ. 0ಯಿಂದ 6ರವರೆಗೆ ಏಳೇ ಸಂಖ್ಯೆಗಳಿವೆ ಎಂದುಕೊಳ್ಳಿ, ವಾರದ ಏಳು ದಿನಗಳ ಹಾಗೆ. ಏಳು ಮುಟ್ಟಿದರೆ ಮತ್ತೆ ಸೊನ್ನೆ. 3ನ್ನು 5ರಿಂದ ಗುಣಿಸಿದರೆ 15. ಏಳೇಳು ಕಳೆದರೆ ಉಳಿಯುವುದು 1. ಅಂದರೆ ಈ ಪುಟ್ಟ ಲೋಕದಲ್ಲಿ 3ರಿಂದ ಭಾಗಿಸುವುದೂ 5ರಿಂದ ಗುಣಿಸುವುದೂ ಒಂದೇ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ನಾಲ್ಕೂ ಇಲ್ಲಿ ತೊಂದರೆಯಿಲ್ಲದೆ ನಡೆಯುತ್ತವೆ. ಏಳರ ಬದಲು ಎಂಟು ಇಟ್ಟುಕೊಂಡರೆ ಇದು ಕೆಡುತ್ತದೆ: 2ನ್ನು 4ರಿಂದ ಗುಣಿಸಿದರೆ ಸೊನ್ನೆ ಬಂದುಬಿಡುತ್ತದೆ. ಎಂಟಕ್ಕೆ ಅಥವಾ 256ಕ್ಕೆ ಈ ಆಟ ಆಡಬೇಕಾದರೆ ಸಂಖ್ಯೆಗಳನ್ನು ಬಹುಪದಗಳಂತೆ ನೋಡಬೇಕು, ಬೇರೆ ಉಪಾಯ ಬೇಕು. ಒಂದು ಬೈಟ್‌ಗೆ 256 ರೂಪ. ಎಇಎಸ್‌ನ ಕೋಷ್ಟಕ ಹುಟ್ಟುವುದು ಈ 256ರ ಲೋಕದಲ್ಲಿ ಪ್ರತಿ ಸಂಖ್ಯೆಗೂ ಹೀಗೆ ಜೋಡಿ ಹುಡುಕಿ, ಆಮೇಲೆ ಬಿಟ್‌ಗಳನ್ನು ಒಂದಿಷ್ಟು ಕಲಸಿ. ಹೊಲದ ಮಡಿಗಳಿಗಾಗಿ 1938ರಲ್ಲಿ ಕೋಲ್ಕತ್ತಾದಲ್ಲಿ ಬಳಕೆಯಾದದ್ದು ಇದೇ ಜಾತಿಯ ಗಣಿತ.

1941ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಸಂಖ್ಯಾಶಾಸ್ತ್ರದಲ್ಲಿ ಎಂ.ಎ. ತೆರೆಯಿತು. ಆ ವಿಷಯದಲ್ಲಿ ಡಿಗ್ರಿ ಪಡೆದ ಅಧ್ಯಾಪಕರು ಸಿಗುವ ಮಾತೇ ಇರಲಿಲ್ಲ. ಕಲಿಸಲು ನಿಂತವರಲ್ಲಿ ಬೋಸ್ ಒಬ್ಬರು. ಮೊದಲ ತಂಡದಲ್ಲಿ ಒಬ್ಬ ಇಪ್ಪತ್ತರ ಹುಡುಗನಿದ್ದ. ಹುಟ್ಟಿದ್ದು 1920ರಲ್ಲಿ, ನಮ್ಮ ಹೂವಿನ ಹಡಗಲಿಯಲ್ಲಿ. ಆಗ ಅದು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆ. ಮನೆಮಾತು ತೆಲುಗು. ಸೈನ್ಯದ ಸರ್ವೆ ಘಟಕದಲ್ಲಿ ಗಣಿತದ ಕೆಲಸ ಸಿಗುತ್ತದೆಂದು ಕೋಲ್ಕತ್ತಾಗೆ ಬಂದಿದ್ದ, ಅದು ಸಿಗಲಿಲ್ಲ. ಐಎಸ್‌ಐನಲ್ಲಿ ತರಬೇತಿಗೆಂದು ಬಂದಿದ್ದ ಒಬ್ಬರ ಪರಿಚಯವಾಗಿ ತಾನೂ ಅರ್ಜಿ ಹಾಕಿ 1941ರ ಜನವರಿಯಲ್ಲಿ ಸೇರಿಕೊಂಡ. ಸಿ.ಆರ್. ರಾವ್ ಎಂದು ಮುಂದೆ ಜಗತ್ತು ಕರೆದದ್ದು ಅವರನ್ನೇ. 1947ರಲ್ಲಿ ಅವರು ‘ಆರ್ಥೋಗನಲ್ ಅರೇ’ ಎಂಬ ಸಾಲು-ಕಂಬಗಳ ಜೋಡಣೆಯನ್ನು ಮುಂದಿಟ್ಟರು, ಅದೂ ಹೊಲದ, ಕಾರ್ಖಾನೆಯ ಪ್ರಯೋಗಗಳಿಗಾಗಿ. ಸುಮಾರು ನಲವತ್ತು ವರ್ಷದ ಮೇಲೆ ಗೂಢಲಿಪಿಯವರು, ತಮಗೆ ಬೇಕಾದ ಒಂದು ಬಗೆಯ ಬೂಲಿಯನ್ ಫಂಕ್ಷನ್ ಈ ಜೋಡಣೆಯೇ ಎಂದು ಕಂಡುಕೊಂಡರು. ಒಂದು ಗುಟ್ಟನ್ನು ಹಲವರ ನಡುವೆ ಹಂಚಿಡುವ ವಿಧಾನಗಳಲ್ಲೂ ಅದು ಬರುತ್ತದೆ.

ಬೋಸ್ 1949ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ 1959ರಲ್ಲಿ ಶ್ರೀಖಂಡೆ, ಪಾರ್ಕರ್ ಜೊತೆ ಲ್ಯಾಟಿನ್ ಚೌಕಗಳ ಬಗ್ಗೆ ಆಯ್ಲರ್ ಹೇಳಿದ್ದ ಸುಮಾರು 180 ವರ್ಷ ಹಳೆಯ ಊಹೆಯನ್ನು ಸುಳ್ಳು ಮಾಡಿದಾಗ ಅದು ನ್ಯೂಯಾರ್ಕ್ ಟೈಮ್ಸ್‌ನ ಮುಖಪುಟಕ್ಕೆ ಬಂತು. 1960ರಲ್ಲಿ ತಮ್ಮ ಶಿಷ್ಯ ರಾಯ್-ಚೌಧುರಿ ಜೊತೆ ತಪ್ಪು ತಿದ್ದುವ ಸಂಕೇತಗಳನ್ನು ಪ್ರಕಟಿಸಿದರು. ಫ್ರಾನ್ಸಿನ ಓಕೆಂಗೆಮ್ ಅದನ್ನೇ ಸ್ವತಂತ್ರವಾಗಿ ಕಂಡುಹಿಡಿದಿದ್ದರಿಂದ ಮೂವರ ಹೆಸರಿನ ಮೊದಲಕ್ಷರ ಸೇರಿ ಬಿಸಿಎಚ್ ಕೋಡ್. ಇವತ್ತು ಟೀ ಅಂಗಡಿಯ ಕ್ಯೂಆರ್ ಕೋಡನ್ನು ಫೋನ್ ಓದುವಾಗ, ಅದು ಯಾವ ನಮೂನೆಯದ್ದು ಎಂದು ಹೇಳುವ ಹದಿನೈದು ಬಿಟ್‌ಗಳನ್ನು ಕಾಯುವುದು ಒಂದು ಬಿಸಿಎಚ್ ಕೋಡ್. ಮೂಲೆಯಲ್ಲಿ ಸ್ವಲ್ಪ ಕೊಳೆ ಹತ್ತಿದ್ದರೂ ದುಡ್ಡು ಸಂದಾಯವಾಗುತ್ತದೆ.

ನಡುವಿನ ದಶಕಗಳನ್ನು ಬೇಗ ದಾಟುತ್ತೇನೆ. 1950ರಲ್ಲಿ ಐಎಸ್‌ಐ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ದೇಶಗಳಿಂದ ಬರುವವರಿಗೆ ಸಂಖ್ಯಾಶಾಸ್ತ್ರ ಕಲಿಸುವ ಕೇಂದ್ರವನ್ನು ತೆರೆಯಿತು. ಬೇರೆಡೆಯ ನೌಕರರನ್ನೂ ಮೇಷ್ಟ್ರುಗಳನ್ನೂ ಕೂರಿಸಿ ಕಲಿಸುವುದು ಆ ಸಂಸ್ಥೆಗೆ ರೂಢಿಯಾಯಿತು. 1955ರಲ್ಲಿ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಎಂಬ ಯಂತ್ರ ಬಂತು, ಅದು ಭಾರತದ ಮೊದಲ ಕಂಪ್ಯೂಟರ್. ಮುಂದಿನ ದಶಕದಲ್ಲಿ ಐಎಸ್‌ಐ ಮತ್ತು ಜಾದವಪುರ ವಿಶ್ವವಿದ್ಯಾಲಯ ಸೇರಿ ಐಎಸ್‌ಐಜೆಯು ಎಂಬ ಕಂಪ್ಯೂಟರನ್ನು ತಾವೇ ಕಟ್ಟಿದವು. ಈ ಎರಡು ಸಂಸ್ಥೆಗಳ ನಂಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಯಂತ್ರ ಒಂದೇ ಕೋಣೆಯಲ್ಲಿದ್ದ ಆ ಕಾಲದಲ್ಲಿ ಸುರಕ್ಷತೆ ಎಂದರೆ ಬಾಗಿಲಿಗೆ ಬೀಗ.

ಬೀಗ ಸಾಲದು ಎಂದಾದದ್ದು ಇಂಟರ್ನೆಟ್ ಬಂದ ಮೇಲೆ. ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಯಾದದ್ದು 2000ದ ಅಕ್ಟೋಬರ್ 17ರಂದು. ಅದೇ ಡಿಸೆಂಬರಿನಲ್ಲಿ ಕೋಲ್ಕತ್ತಾದಲ್ಲಿ ಮೊದಲ ಇಂಡೋಕ್ರಿಪ್ಟ್ ಸಮ್ಮೇಳನ ನಡೆಯಿತು. ಅದರ ಹಿಂದಿದ್ದವರು ಐಎಸ್‌ಐನ ಬಿಮಲ್ ರಾಯ್. ಕೆನಡಾದ ವಾಟರ್ಲೂನಲ್ಲಿ 1982ರಲ್ಲಿ ಕಾಂಬಿನೇಟರಿಕ್ಸ್‌ನಲ್ಲಿ ಪಿಎಚ್.ಡಿ. ಮಾಡಿದವರು, ಅಂದರೆ ಬೋಸ್‌ರ ಗಣಿತದ ವಾರಸುದಾರರೇ. ಗೂಢಲಿಪಿಗೆ ಆಮೇಲೆ ಹೊರಳಿದರು. 2001ರಲ್ಲಿ ಕ್ರಿಪ್ಟಾಲಜಿ ರಿಸರ್ಚ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿತು, ಕಚೇರಿ ಬ್ಯಾರಕ್‌ಪುರ ಟ್ರಂಕ್ ರಸ್ತೆಯ ಐಎಸ್‌ಐ ಆವರಣದಲ್ಲಿ. ಇಂಡೋಕ್ರಿಪ್ಟ್ ವರ್ಷಕ್ಕೊಂದು ಊರಿನಂತೆ ಸುತ್ತತೊಡಗಿತು, 2005ರಲ್ಲಿ ಬೆಂಗಳೂರಿಗೂ ಬಂತು. ಸಂಶೋಧಕರಿಗೆ ಅದು ಸಾಕು. ಆದರೆ ಸೊಸೈಟಿ ನಡೆಸುವ ರಾಷ್ಟ್ರೀಯ ಕಾರ್ಯಾಗಾರ ಬೇರೆ ಬಗೆಯದು: ಹೊಸಬರಿಗೆ ಮೊದಲಿನಿಂದ ಪಾಠ, ಆಮೇಲೆ ಹೊಸ ಸಂಶೋಧನೆ. ಸಣ್ಣ ಊರಿನ ಕಾಲೇಜು ಅಧ್ಯಾಪಕರು ಹೋಗಿ ಕೂರಬಹುದಾದ ಜಾಗ ಅದು.

ಅದೇ ಹೊತ್ತಿಗೆ ಪಶ್ಚಿಮ ಬಂಗಾಳದಲ್ಲಿ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳು ಏಳುತ್ತಿದ್ದವು, ಅವನ್ನೆಲ್ಲ ಒಂದು ಸೂರಿನಡಿ ತರಲು ಹೊಸ ತಾಂತ್ರಿಕ ವಿಶ್ವವಿದ್ಯಾಲಯವೇ ಬಂತು. ನಮ್ಮಲ್ಲಿ 1998ರಲ್ಲಿ ವಿಟಿಯು ಬಂದ ಹಾಗೆ. ಇಂಥ ವಿಶ್ವವಿದ್ಯಾಲಯದ ಒಂದು ಗುಣವನ್ನು ಗಮನಿಸಬೇಕು. ಸಿಲಬಸ್ ಒಂದು ಕಡೆ ಬರೆಯುತ್ತಾರೆ, ಪಾಠ ನೂರು ಕಡೆ ನಡೆಯುತ್ತದೆ. ಬರೆಯುವವರಿಗೆ ವಿಷಯ ಗೊತ್ತಿರುತ್ತದೆ. ನೂರು ಕಡೆಯೂ ಅದನ್ನು ಕಲಿಸಬಲ್ಲವರು ಇದ್ದಾರೆಯೇ ಎಂದು ಕೇಳುವ ಹೊಣೆ ಯಾರದ್ದೂ ಅಲ್ಲ.

ಅಮೆರಿಕದಲ್ಲೂ ಇದೇ ಗೋಳು ಇತ್ತು. ಪರ್ಡ್ಯೂ ವಿಶ್ವವಿದ್ಯಾಲಯದ ಯೂಜೀನ್ ಸ್ಪ್ಯಾಫರ್ಡ್ 1997ರಲ್ಲಿ ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಹೋಗಿ, ಈ ವಿಷಯದಲ್ಲಿ ಪಿಎಚ್.ಡಿ. ಪಡೆದು ಹೊರಬರುವವರೇ ಬೆರಳೆಣಿಕೆ, ಅವರಲ್ಲಿ ಪಾಠಕ್ಕೆ ನಿಲ್ಲುವವರು ಇನ್ನೂ ಕಡಿಮೆ ಎಂದು ದೂರಿಕೊಂಡರು. 1999ರಲ್ಲಿ ಅಲ್ಲಿನ ರಾಷ್ಟ್ರೀಯ ಭದ್ರತಾ ಸಂಸ್ಥೆ ಮೊದಲ ಏಳು ವಿಶ್ವವಿದ್ಯಾಲಯಗಳನ್ನು ಗುರುತಿಸಿತು. ನಮ್ಮ ಸರ್ಕಾರ ಎಚ್ಚೆತ್ತದ್ದು 2005ರಲ್ಲಿ, ಐಸಿಯಾ ಎಂದು ಕರೆಯುವ ಮಾಹಿತಿ ಸುರಕ್ಷತಾ ಶಿಕ್ಷಣ ಮತ್ತು ಜಾಗೃತಿ ಯೋಜನೆಯ ಮೂಲಕ.

ಐಸಿಯಾದ ಲೆಕ್ಕಾಚಾರ ಸರಳ. ಮೇಲೆ ಸಂಪನ್ಮೂಲ ಕೇಂದ್ರಗಳು: ಬೆಂಗಳೂರಿನ ಐಐಎಸ್‌ಸಿ, ಬಂಗಾಳದ ಖರಗ್‌ಪುರ ಐಐಟಿ, ಇನ್ನೂ ಕೆಲವು ಐಐಟಿಗಳು. ಕೆಳಗೆ ಭಾಗವಹಿಸುವ ಸಂಸ್ಥೆಗಳು: ಕೋಲ್ಕತ್ತಾದ ಜಾದವಪುರ, ನಮ್ಮ ಸುರತ್ಕಲ್‌ನ ಎನ್‌ಐಟಿಕೆ ಮೊದಲಾದವು. ಮೇಲಿನವರು ಕೆಳಗಿನವರ ಅಧ್ಯಾಪಕರಿಗೆ ಕಲಿಸಬೇಕು, ಅವರು ತಮ್ಮಲ್ಲಿ ಕೋರ್ಸು ಶುರುಮಾಡಬೇಕು, ಅಲ್ಲಿಂದ ಇನ್ನೂ ಕೆಳಗಿನ ಕಾಲೇಜುಗಳಿಗೆ ಹರಿಯಬೇಕು. ಗದ್ದೆಯಲ್ಲಿ ಮೇಲಿನ ಮಡಿ ತುಂಬಿ ಕೆಳಗಿನ ಮಡಿಗೆ ನೀರು ಇಳಿಯುವ ಹಾಗೆ. ಸುರತ್ಕಲ್‌ನಲ್ಲಿ ಮಾಹಿತಿ ಸುರಕ್ಷತೆಯ ಎಂ.ಟೆಕ್. ನಿಂತಿತು, ಮೊದಲೆರಡು ಮಡಿಗಳಿಗೆ ನೀರು ಸರಿಯಾಗಿಯೇ ಇಳಿಯಿತು ಎಂದು ಹೇಳಬಹುದು. ಮೂರನೆಯ ಮಡಿಯ ಕತೆ ಬೇರೆ. ಅಲ್ಲಿಗೆ ತಲುಪಿದ್ದು ಒಂದೆರಡು ವಾರದ ಶಾರ್ಟ್ ಟರ್ಮ್ ಕೋರ್ಸು.

ಆ ಕೋರ್ಸುಗಳಲ್ಲಿ ಏನು ನಡೆಯುತ್ತದೆಂದು ಹೋಗಿಬಂದ ಯಾರಾದರೂ ಹೇಳಬಲ್ಲರು. ಮೊದಲ ದಿನ ಸಂಖ್ಯಾಸಿದ್ಧಾಂತ, ಎರಡನೆಯ ದಿನ ಎಇಎಸ್, ಮೂರನೆಯ ದಿನ ಆರ್‌ಎಸ್‌ಎ. ಮಾತನಾಡುವವರು ದೇಶದ ಅತ್ಯುತ್ತಮರು. ಮಧ್ಯಾಹ್ನದ ಹೊತ್ತಿಗೆ ಅರ್ಧ ಸಭೆ ನೋಟ್ಸ್ ಬರೆಯುವುದನ್ನು ನಿಲ್ಲಿಸಿರುತ್ತದೆ. ಅವರಿಗೆ ಸ್ಲೈಡುಗಳು ಬೇಕು, ಮುಂದಿನ ಸೆಮಿಸ್ಟರಿಗೆ ಆಗುತ್ತದೆ. ಬೋಸ್‌ರಿಗೆ 50 ಪ್ರಬಂಧ ಓದಲು ಶನಿವಾರಗಳಿದ್ದವು. ಇವರಿಗೆ ಸೋಮವಾರ ಬೆಳಿಗ್ಗೆಯೇ ಕ್ಲಾಸು.

ಇನ್ನೊಂದು ತೊಡಕು ಕೋಲ್ಕತ್ತಾದ ಹೆಚ್ಚುಗಾರಿಕೆಯಿಂದಲೇ ಹುಟ್ಟಿದ್ದು. ಗೂಢಲಿಪಿಯ ಗಣಿತ ಆ ಊರಿನ ಬಲ. ಮಾಹಿತಿ ಸುರಕ್ಷತೆ ಅದಕ್ಕಿಂತ ಅಗಲ. ಪಾಸ್‌ವರ್ಡನ್ನು ಎಲ್ಲಿ ಹೇಗೆ ಇಡುತ್ತಾರೆ, ವೆಬ್‌ಸೈಟಿನ ಹುಡುಕುವ ಪೆಟ್ಟಿಗೆಯಲ್ಲಿ ಬರೆದ ಸಾಲು ಡೇಟಾಬೇಸನ್ನು ಹೇಗೆ ತೆರೆದುಬಿಡುತ್ತದೆ, ದಾಳಿಯಾದ ಮೇಲೆ ಲಾಗ್ ಕಡತಗಳಲ್ಲಿ ಏನು ಹುಡುಕಬೇಕು ಎಂಬುದೆಲ್ಲ ಬೋರ್ಡಿನ ಮೇಲೆ ಬರುವ ವಿದ್ಯೆಯಲ್ಲ. ಮಾಡಿ ನೋಡಬೇಕು. ಮಾಡಿ ನೋಡುವುದೆಂದರೆ ಒಂದು ಯಂತ್ರದ ಮೇಲೆ ದಾಳಿ ಮಾಡುವುದು. 2000ದ ಕಾಯ್ದೆಯಲ್ಲಿ ಹ್ಯಾಕಿಂಗ್‌ಗೆ ಮೂರು ವರ್ಷದವರೆಗೆ ಜೈಲು ಎಂದಿತ್ತು. ತನ್ನ ಲ್ಯಾಬಿನಲ್ಲಿ ಕಲಿತ ಹುಡುಗನೊಬ್ಬ ಊರಿನ ಬ್ಯಾಂಕಿನ ಮೇಲೆ ಕೈಯಾಡಿಸಿದರೆ ಪೊಲೀಸರು ಯಾರ ಬಾಗಿಲಿಗೆ ಬರುತ್ತಾರೆ ಎಂಬ ಹೆದರಿಕೆ ಮೇಷ್ಟ್ರಿಗೆ ಇರುವುದು ಸಹಜ. ಪ್ರಾಂಶುಪಾಲರಿಗೆ ಅದಕ್ಕಿಂತ ಹೆಚ್ಚು. ಗಣಿತ ಕಲಿಸುವುದರಲ್ಲಿ ಈ ಹೆದರಿಕೆ ಇಲ್ಲ. ಹಾಗಾಗಿ ಕಷ್ಟದ್ದಾದರೂ ಗಣಿತವೇ ಪಾಠದಲ್ಲಿ ಉಳಿಯಿತು, ಅದೂ ಟೇಬಲ್ಲಿನ ರೂಪದಲ್ಲಿ. ಲ್ಯಾಬು ಎಂದರೆ ಸಿ ಭಾಷೆಯಲ್ಲಿ ಸೀಸರ್ ಸೈಫರ್ ಬರೆದು ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳುವುದಾಯಿತು.

ಈ ಗಂಟನ್ನು ಬಿಡಿಸಿದ ಒಂದು ಉದಾಹರಣೆ ಕಣ್ಣ ಮುಂದೆ ಇತ್ತು. ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯದ ವೆನ್‌ಲಿಯಾಂಗ್ ಡು 2002ರಿಂದ ಸೀಡ್ ಎಂಬ ಲ್ಯಾಬುಗಳನ್ನು ಕಟ್ಟುತ್ತ ಬಂದಿದ್ದಾರೆ. ಬೇಕೆಂದೇ ತೂತುಗಳನ್ನು ಬಿಟ್ಟು ತಯಾರಿಸಿದ ಒಂದು ವರ್ಚುವಲ್ ಯಂತ್ರ. ಸಾಧಾರಣ ಕಂಪ್ಯೂಟರಿನೊಳಗೇ ಪೆಟ್ಟಿಗೆಯ ಹಾಗೆ ಕೂರುತ್ತದೆ. ದಾಳಿ ಅದರೊಳಗೆ ಶುರು, ಅದರೊಳಗೇ ಮುಗಿತಾಯ. ಪುಕ್ಕಟೆ. ಅಧ್ಯಾಪಕರನ್ನು ಬೇಸಿಗೆಯಲ್ಲಿ ಕರೆಸಿ ಅವರ ಕೈಯಲ್ಲೇ ಮಾಡಿಸುತ್ತಾರೆ. ನಮ್ಮ ಕಾರ್ಯಾಗಾರಗಳಿಗೆ ಬೇಕಿದ್ದದ್ದು ಇಂಥದ್ದು: ತಿರುಗಿ ಹೋಗುವಾಗ ಮೇಷ್ಟ್ರ ಪೆನ್‌ಡ್ರೈವಿನಲ್ಲಿ ಸ್ಲೈಡಿನ ಬದಲು ಒಂದು ಲ್ಯಾಬು.

ಕೋಲ್ಕತ್ತಾದಲ್ಲಿ ನಿಜಕ್ಕೂ ಫಲ ಕೊಟ್ಟ ತರಬೇತಿ ಯಾವುದು ಎಂದರೆ ನಾನು ಬೆರಳು ತೋರಿಸುವುದು ಆರ್‌ಸಿ4 ಕತೆಯ ಕಡೆಗೆ. ರಾನ್ ರಿವೆಸ್ಟ್ 1987ರಲ್ಲಿ ರೂಪಿಸಿದ ಪುಟ್ಟ ಗೂಢಲಿಪಿ ಅದು, ಹತ್ತು-ಹನ್ನೆರಡು ಸಾಲಿನಲ್ಲಿ ಬರೆದು ಮುಗಿಸಬಹುದು. ಹಳೆಯ ವೈಫೈಯಲ್ಲಿ, ಬ್ರೌಸರುಗಳಲ್ಲಿ ಎಲ್ಲೆಲ್ಲೂ ಅದೇ. 0ಯಿಂದ 255ರವರೆಗಿನ ಸಂಖ್ಯೆಗಳನ್ನು ಇಸ್ಪೀಟು ಎಲೆಗಳಂತೆ ಕಲಸುತ್ತ, ಒಂದೊಂದೇ ಎಲೆ ಹೊರಗೆ ಹಾಕುತ್ತದೆ. ಕಲಸಿದ್ದು ಸರಿಯಾಗಿದ್ದರೆ ಯಾವ ಎಲೆಯೂ ಇನ್ನೊಂದಕ್ಕಿಂತ ಹೆಚ್ಚು ಬಾರಿ ಬರಬಾರದು. ಆದರೆ ಬರುತ್ತದೆ: ಎರಡನೆಯ ಬೈಟ್ ಸೊನ್ನೆಯಾಗುವ ಸಂಭವ ಇರಬೇಕಾದ್ದಕ್ಕಿಂತ ಇಮ್ಮಡಿ ಎಂದು ಇಸ್ರೇಲಿನ ಮ್ಯಾಂಟಿನ್ ಮತ್ತು ಶಮೀರ್ 2001ರಲ್ಲಿ ತೋರಿಸಿದರು. ಇಂಥ ಓರೆಗಳನ್ನು ಹುಡುಕುವುದು ಸಂಖ್ಯಾಶಾಸ್ತ್ರದ ಕೆಲಸ, ಐಎಸ್‌ಐಗೆ ಹೇಳಿ ಮಾಡಿಸಿದ್ದು. ಅಲ್ಲಿನ ಸುಭಮಯ್ ಮೈತ್ರ, ಜಾದವಪುರದಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತಿದ್ದ ಗೌತಮ್ ಪಾಲ್, ಇನ್ನೂ ಕೆಲವರು ಸೇರಿ ವರ್ಷಗಟ್ಟಲೆ ಒಂದೊಂದೇ ಓರೆಯನ್ನು ಹೊರಗೆಳೆದರು. ಮೈತ್ರ ಮತ್ತು ಪಾಲ್ ಬರೆದ ಆರ್‌ಸಿ4 ಪುಸ್ತಕ 2011ರಲ್ಲಿ ಬಂದಾಗಲೂ ಪಾಲ್ ಜಾದವಪುರದ ಅಧ್ಯಾಪಕರೇ. 2013ರಲ್ಲಿ ಯುರೋಪಿನ ಒಂದು ತಂಡ ಅಂಥ ಓರೆಗಳನ್ನು ಬಳಸಿ ಬ್ರೌಸರಿನ ಗುಟ್ಟನ್ನು ಒಡೆಯಬಹುದೆಂದು ತೋರಿಸಿತು. ಅವರ ಪ್ರಬಂಧದಲ್ಲಿ ಕೋಲ್ಕತ್ತಾದವರ ಕೆಲಸದ ಉಲ್ಲೇಖವಿದೆ. 2015ರ ಫೆಬ್ರವರಿಯಲ್ಲಿ ಇಂಟರ್ನೆಟ್ಟಿನ ನಿಯಮ ರೂಪಿಸುವವರು ಸುರಕ್ಷಿತ ಸಂಪರ್ಕಗಳಲ್ಲಿ ಆರ್‌ಸಿ4 ಬಳಸಕೂಡದೆಂದು ಬರೆದರು.

ಜಾದವಪುರದ ಕ್ಲಾಸಿನಲ್ಲಿ ಕೂತಿದ್ದ ಹುಡುಗರ ಕಡೆಯಿಂದ ಇದನ್ನು ನೋಡಿ. ಸ್ಟ್ರೀಮ್ ಸೈಫರ್ ಎಂದರೇನು ಎಂದು ಅವರಿಗೆ ಹೇಳುತ್ತಿದ್ದವರು ಅದನ್ನು ಬಿಚ್ಚಿ ನೋಡುತ್ತಿದ್ದವರೇ. ಮೂವತ್ತರ ದಶಕದಲ್ಲಿ ಬೋಸ್ ನಡೆದ ದಾರಿಯೂ ಇದೇ: ಕಾಲೇಜಿನಲ್ಲಿ ಪಾಠ, ಪಕ್ಕದ ಸಂಸ್ಥೆಯಲ್ಲಿ ವರ್ಷಗಟ್ಟಲೆ ಕೆಲಸ. ಆದರೆ ಈ ದಾರಿ ಜಾದವಪುರದಂಥ ವಿಶ್ವವಿದ್ಯಾಲಯಕ್ಕೆ, ಬಸ್ಸಿನಲ್ಲಿ ಐಎಸ್‌ಐ ತಲುಪಬಹುದಾದವರಿಗೆ ತೆರೆದಿತ್ತು. ಪುರುಲಿಯಾದ, ಕೂಚ್‌ಬಿಹಾರದ ಮೇಷ್ಟ್ರಿಗೆ ಯಾರೂ ಶನಿವಾರಗಳನ್ನು ಕೊಡಲಿಲ್ಲ.

ಕೊಟ್ಟದ್ದು ಸಂಖ್ಯೆಗಳನ್ನು. 2013ರ ರಾಷ್ಟ್ರೀಯ ಸೈಬರ್ ಸುರಕ್ಷತಾ ನೀತಿ ಐದು ವರ್ಷದಲ್ಲಿ 5 ಲಕ್ಷ ಪರಿಣತರನ್ನು ತಯಾರಿಸುವುದಾಗಿ ಹೇಳಿತು. ಐಸಿಯಾದ ಎರಡನೆಯ ಹಂತಕ್ಕೆ 96 ಕೋಟಿ ರೂಪಾಯಿ, 52 ಸಂಸ್ಥೆಗಳು, 1.14 ಲಕ್ಷ ಜನರ ಗುರಿ. ಅಧ್ಯಾಪಕರ ತರಬೇತಿಗೆಂದೇ ದೇಶದಲ್ಲಿ ಏಳು ಅಕಾಡೆಮಿಗಳು ಬಂದವು: ಗುವಾಹಟಿ, ಪಟ್ನಾ, ವಾರಂಗಲ್ ಹೀಗೆ. ಕೋಲ್ಕತ್ತಾಗೆ ಒಂದೂ ಇಲ್ಲ, ಕರ್ನಾಟಕಕ್ಕೂ ಇಲ್ಲ. ಕೊರೊನಾ ಕಾಲದಲ್ಲಿ ಎಐಸಿಟಿಇ ತನ್ನ ಅಟಲ್ ಅಕಾಡೆಮಿಯ ಮೂಲಕ ಆನ್‌ಲೈನ್ ಎಫ್‌ಡಿಪಿಗಳ ಹೊಳೆಯನ್ನೇ ಹರಿಸಿತು, ಸೈಬರ್ ಸುರಕ್ಷತೆ ಅದರಲ್ಲಿ ಒಂದು ವಿಷಯ. ಐದು ದಿನ ಲಾಗಿನ್, ಹಾಜರಾತಿ, ಕೊನೆಯಲ್ಲಿ ಒಂದು ಪರೀಕ್ಷೆ, ಸರ್ಟಿಫಿಕೇಟ್. ಬಡ್ತಿಗೆ ಇಂತಿಷ್ಟು ತರಬೇತಿ ಬೇಕೆಂಬ ನಿಯಮ ಇರುವುದರಿಂದ ಸರ್ಟಿಫಿಕೇಟಿಗೆ ಬೆಲೆ ಇದೆ. ಕ್ಯಾಮೆರಾ ಆಫ್ ಮಾಡಿ ಕೇಳಿದವರನ್ನೂ ನಾನು ದೂರುವುದಿಲ್ಲ. 2022ರಲ್ಲಿ ಯುಜಿಸಿ ಪದವಿ ತರಗತಿಗಳಿಗೂ ಸೈಬರ್ ಸುರಕ್ಷತೆಯ ಪಠ್ಯಕ್ರಮ ಬಿಡುಗಡೆ ಮಾಡಿತು. ಇಂಜಿನಿಯರಿಂಗ್ ಕಾಲೇಜಿನ ಸಮಸ್ಯೆ ಈಗ ಬಿ.ಎ., ಬಿ.ಕಾಂ. ಕಾಲೇಜಿಗೂ ಬಂತು.

ಇದರಿಂದ ನಷ್ಟ ಯಾರಿಗೆ ಎಂಬುದಕ್ಕೆ ಕೋಲ್ಕತ್ತಾದ್ದೇ ಒಂದು ಪ್ರಸಂಗ. 2018ರ ಜುಲೈ ಕೊನೆಯಲ್ಲಿ ದಕ್ಷಿಣ ಕೋಲ್ಕತ್ತಾದ ಗೋಲ್ ಪಾರ್ಕ್ ಸುತ್ತಮುತ್ತಲಿನ ಎಟಿಎಂಗಳನ್ನು ಬಳಸಿದ್ದ ಹಲವರ ಖಾತೆಯಿಂದ, ಕಾರ್ಡು ಅವರ ಜೇಬಿನಲ್ಲೇ ಇರುವಾಗ, ದೆಹಲಿಯಲ್ಲಿ ಹಣ ತೆಗೆಯಲಾಯಿತು. ಎಟಿಎಂಗೆ ಸ್ಕಿಮ್ಮರ್ ಅಂಟಿಸಿ ಕಾರ್ಡಿನ ಕಪ್ಪುಪಟ್ಟಿಯನ್ನು ನಕಲು ಮಾಡಿದ್ದರು. ರೊಮೇನಿಯಾದ ಕೆಲವರ ಬಂಧನವಾಯಿತು. ಕಪ್ಪುಪಟ್ಟಿಯ ಕಾರ್ಡುಗಳನ್ನು ಚಿಪ್ ಕಾರ್ಡಿಗೆ ಬದಲಿಸಲು ರಿಸರ್ವ್ ಬ್ಯಾಂಕ್ ಕೊಟ್ಟಿದ್ದ ಗಡುವು ಅದೇ ವರ್ಷದ ಡಿಸೆಂಬರ್ 31. ಪಟ್ಟಿಯಲ್ಲಿ ಇರುವುದು ಎಂದೂ ಬದಲಾಗದ ಅಂಕಿಗಳು, ನಕಲಾದರೆ ಮುಗಿಯಿತು; ಚಿಪ್ ಪ್ರತಿ ಸಲವೂ ಹೊಸ ಉತ್ತರ ಕೊಡುತ್ತದೆ. ಸುರಕ್ಷತೆಯ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಗೋಲ್ ಪಾರ್ಕಿನಿಂದ ಬೋಸ್ ಪಾಠ ಮಾಡಿದ ಆಶುತೋಷ್ ಕಾಲೇಜು ಕೆಲವೇ ಕಿಲೋಮೀಟರ್. ಆ ಆಗಸ್ಟಿನಲ್ಲಿ ಊರಿನ ಎಷ್ಟು ಕ್ಲಾಸುಗಳಲ್ಲಿ ಸಿಲಬಸ್ ಬದಿಗಿಟ್ಟು ಒಂದು ಗಂಟೆ ಇದನ್ನು ಮಾತನಾಡಿದರೋ! ಹಾಗೆ ಬದಿಗಿಡುವ ಧೈರ್ಯ ಐದು ದಿನದ ಎಫ್‌ಡಿಪಿಯಲ್ಲಿ ಬರುವಂಥದ್ದಲ್ಲ.

ಐಎಸ್‌ಐನಲ್ಲಿ ಈಗ ಗೂಢಲಿಪಿ ಮತ್ತು ಸುರಕ್ಷತೆಗೇ ಒಂದು ಎಂ.ಟೆಕ್. ಇದೆ, ಅದಕ್ಕೆಂದೇ ಒಂದು ಕೇಂದ್ರವಿದೆ. ಹೆಸರು ಆರ್.ಸಿ. ಬೋಸ್ ಕೇಂದ್ರ. ಆ ಬೋಸ್ ಕಲ್ಕತ್ತಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದಾಗ, ಪ್ರೊಫೆಸರ್ ಆಗಬೇಕಾದರೆ ಡಾಕ್ಟರೇಟ್ ಇರಬೇಕೆಂದು ವಿಶ್ವವಿದ್ಯಾಲಯ ಹೇಳಿತು. ಅವರ ಬಳಿ ಇರಲಿಲ್ಲ. ಅದುವರೆಗೆ ಪ್ರಕಟಿಸಿದ್ದ ಪ್ರಬಂಧಗಳನ್ನೆಲ್ಲ ಒಟ್ಟು ಮಾಡಿ ಒಪ್ಪಿಸಿ 1947ರಲ್ಲಿ ಡಿ.ಲಿಟ್. ಪಡೆದುಕೊಂಡರು. ಆಗ ಅವರಿಗೆ 46 ವರ್ಷ. ಎರಡು ವರ್ಷದ ಮೇಲೆ ಊರು ಬಿಟ್ಟರು.